ಲೈನು ಒಂದೇ ಇತ್ತು

ಬಾಲರಾಜನ ಸಿಟ್ಟು ಬಣಕಲ್ಲಿಗೆಲ್ಲ ಗೊತ್ತಿದ್ದದ್ದೇ. ಮೌಸನ್ನು ಟೇಬಲ್ಲಿಗೆ ಕುಟ್ಟಿದವರನ್ನು ಅವನು ಅಂಗಡಿಯಿಂದ ಹೊರಗೆ ದಬ್ಬಿದ್ದ. ಬಾಗಿಲಲ್ಲಿ ಎಲೆಯಡಿಕೆ ಉಗಿದ ಮೇಸ್ತ್ರಿಯೊಬ್ಬನ ಕೈಯಲ್ಲೇ ಮೆಟ್ಟಿಲು ತೊಳೆಸಿದ್ದ. ಅಂಥವನು ಅವತ್ತು ಬೆಳಗ್ಗಿನಿಂದ ಯಾರ ಮೇಲೂ ರೇಗಿರಲಿಲ್ಲ. ಹೆದ್ದಾರಿಯ ಬಸ್ಸೊಂದು ಅಂಗಡಿಯ ಬೋರ್ಡಿಗೆ ಉಜ್ಜಿಕೊಂಡು ಹೋದಾಗಲೂ ತುಟಿ ಬಿಚ್ಚಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಮಗಳ ಸಂದರ್ಶನವಿತ್ತು. ಸಂದರ್ಶನ ನಡೆಯಬೇಕಾದದ್ದು ಅವನ ಅಂಗಡಿಯಲ್ಲೇ, ಕಂಪ್ಯೂಟರಿನ ಎದುರಿಗೆ.

ಮಗಳು ಸೌಂದರ್ಯಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಕಿವಿ ಕೇಳಿಸದ ಮಕ್ಕಳ ಶಾಲೆಯಲ್ಲಿ ಓದಿದವಳು. ಎದುರಿಗಿದ್ದವರು ನೆಟ್ಟಗೆ ಮುಖ ಕೊಟ್ಟು ಮಾತಾಡಿದರೆ ತುಟಿ ನೋಡಿಯೇ ಮುಕ್ಕಾಲುಪಾಲು ತಿಳಿದುಕೊಳ್ಳುತ್ತಿದ್ದಳು. ಅಂಥ ಮಕ್ಕಳಿಗೆ ಪಾಠ ಹೇಳುವ ಟೀಚರಾಗಬೇಕು ಎಂಬುದು ಅವಳ ಆಸೆ. ಮೈಸೂರಿನ ಒಂದು ಸಂಸ್ಥೆಯಲ್ಲಿ ಆ ತರಬೇತಿ ಇತ್ತು. ಆರಿಸಿಕೊಳ್ಳುವ ಮೇಷ್ಟ್ರಿಗೂ ಕಿವಿ ಕೇಳಿಸುತ್ತಿರಲಿಲ್ಲ. ಹಾಗಾಗಿ ಅವರು ದೂರದ ಊರಿನವರನ್ನೆಲ್ಲ ಇಂಟರ್ನೆಟ್ಟಿನಲ್ಲಿ ಕೂತು, ಬೆರಳಚ್ಚಿಸಿಯೇ ಮಾತಾಡಿಸುತ್ತಿದ್ದರು. ಅದೇ ದಿನ ಸಂಜೆ ಪಟ್ಟಿ ಕಟ್ಟುತ್ತಿದ್ದರು. ಆ ಪಟ್ಟಿಯಲ್ಲಿ ಹೆಸರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಬಾಲರಾಜ ಮೊದಲು ರೇಡಿಯೋ, ಟಿವಿ ರಿಪೇರಿ ಮಾಡಿಕೊಂಡಿದ್ದವನು. ಆಮೇಲೆ ಹಳೇ ಕಂಪ್ಯೂಟರುಗಳನ್ನು ತಂದು, ಅವನೇ ಬಿಚ್ಚಿ ಸೇರಿಸಿ, ರುದ್ರಪ್ಪನವರ ಕಟ್ಟಡದ ಕೆಳಗಿನ ಮಳಿಗೆಯಲ್ಲಿ ಇಂಟರ್ನೆಟ್ ಅಂಗಡಿ ತೆರೆದಿದ್ದ. ಕಂಪ್ಯೂಟರು ನಾಲ್ಕು, ಫೋನಿನ ಲೈನು ಒಂದೇ. ಅದೂ ರುದ್ರಪ್ಪನವರ ಹೆಸರಿನದು. ಮೇಲಿನ ಮನೆಯಲ್ಲಿ ಅವರ ಫೋನು, ಅಲ್ಲಿನ ಕಿಟಕಿಯ ಹತ್ತಿರ ಲೈನು ಕವಲೊಡೆದು ಇಳಿಬಿಟ್ಟ ಇನ್ನೊಂದು ವೈರು ಕೆಳಗಿನ ಅಂಗಡಿಗೆ. ಬಾಗಿಲ ಹತ್ತಿರದ ದೊಡ್ಡ ಮೆಷಿನ್ನಿಗೆ ಮಾತ್ರ ಆ ಲೈನಿಗೆ ಸೇರಿಸುವ ಮೋಡೆಮ್ಮು. ಉಳಿದ ಮೂರಕ್ಕೆ ಹೊರಗಿನ ಗಾಳಿಯೇ ಇಲ್ಲ. ಏನು ಬೇಕಾದರೂ ದೊಡ್ಡ ಮೆಷಿನ್ನನ್ನೇ ಕೇಳಬೇಕು. ಅದು ಡಯಲ್ ಮಾಡಿ ಹೊರಗೆ ಹೋಗಿ, ಕೇಳಿದ್ದನ್ನು ತಂದು ಅವರವರಿಗೆ ಹಂಚುತ್ತಿತ್ತು.

"ಇದಕ್ಕೆ ಪ್ರಾಕ್ಸಿ ಅಂತಾರೆ," ಎಂದು ಬಾಲರಾಜ ಬಂದವರಿಗೆಲ್ಲ ವಿವರಿಸುತ್ತಿದ್ದ. "ಎಸ್ಟೇಟಿನಲ್ಲಿ ಆಳುಗಳು ಸೀದಾ ಸಾಹುಕಾರ್ರ ಹತ್ರ ಹೋಗ್ತಾರಾ? ಇಲ್ಲ. ಮೇಸ್ತ್ರಿ ಹೋಗ್ತಾನೆ, ಎಲ್ಲರದ್ದೂ ಅವನೇ ಕೇಳಿಕೊಂಡು ಬರ್ತಾನೆ. ಇದು ನಮ್ಮ ಮೇಸ್ತ್ರಿ."

"ಮೇಸ್ತ್ರಿ ನಿಧಾನ ಆಯ್ತಲ್ಲ ಮಾರಾಯ," ಎಂದರೆ, "ಲೈನು ಒಂದೇ. ಮೂರು ಜನ ಒಟ್ಟಿಗೇ ಕೇಳಿದ್ರೆ ಅವನಾದ್ರೂ ಎಂಥ ಮಾಡ್ತಾನೆ? ಕೂತ್ಕೊಳ್ಳಿ ಸುಮ್ಮನೆ," ಎಂದು ಗದರುತ್ತಿದ್ದ.

ಆ ಮೇಸ್ತ್ರಿಯ ಮೇಲೆ ಬೇರೆ ಕೆಲಸ ಹೇರಿದರೆ ಅದು ಅಲ್ಲೇ ನಿಂತುಬಿಡುತ್ತಿತ್ತು. ಅದಕ್ಕೇ ಯಾರನ್ನೂ ಅದರ ಮುಂದೆ ಕೂರಿಸುತ್ತಿರಲಿಲ್ಲ. ಇನ್ನೊಂದು ತಾಪತ್ರಯವೆಂದರೆ, ಇಂಟರ್ನೆಟ್ ನಡೆಯುತ್ತಿರುವಾಗ ಮೇಲೆ ಯಾರಾದರೂ ರಿಸೀವರು ಎತ್ತಿದರೆ ಕೆಳಗೆ ಎಲ್ಲವೂ ಕಡಿದುಹೋಗುತ್ತಿತ್ತು. ಅದಕ್ಕೂ ಬಾಲರಾಜ ಒಂದು ಕ್ರಮ ಮಾಡಿಕೊಂಡಿದ್ದ. ಡಯಲ್ ಮಾಡುವ ಮುಂಚೆ ಸ್ಪ್ಯಾನರ್ ತೆಗೆದುಕೊಂಡು ಮೆಟ್ಟಿಲಿನ ಕಬ್ಬಿಣದ ಕಂಬಿಗೆ ಎರಡು ಸಲ ಬಡಿಯುವುದು, ಎಂದರೆ ಫೋನು ಮುಟ್ಟಬೇಡಿ. ಮುಗಿದ ಮೇಲೆ ಒಂದು ಸಲ ಬಡಿಯುವುದು, ಎಂದರೆ ಫೋನು ನಿಮ್ಮದು.

"ದೇವಸ್ಥಾನದ ಗಂಟೆ ಆಯ್ತು ನಮ್ಮನೆ ಮೆಟ್ಟಿಲು," ಎಂದು ರುದ್ರಪ್ಪನವರ ಹೆಂಡತಿ ವಿಮಲಮ್ಮ ಗೊಣಗುತ್ತಿದ್ದರು. ಗೊಣಗಿದರೂ ಎರಡು ಏಟು ಕೇಳಿದ ಮೇಲೆ ಆ ಮನೆಯಲ್ಲಿ ಯಾರೂ ಫೋನು ಮುಟ್ಟುತ್ತಿರಲಿಲ್ಲ.

ಆದರೂ ಅವತ್ತು ಬಾಲರಾಜ ಬೆಳಗ್ಗೆಯೇ ಮೇಲೆ ಹೋಗಿ ಕೈ ಮುಗಿದು ನಿಂತ. ರುದ್ರಪ್ಪನವರು ಜಗುಲಿಯ ತುದಿಯಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಊರ ಹಿಂದೆ ಅವರದ್ದು ಕಾಫಿ ತೋಟ. ಗಿಡದಲ್ಲಿ ಮೊಗ್ಗು ತುಂಬಿ ವಾರಗಳಾಗಿತ್ತು, ಮಳೆ ಇರಲಿಲ್ಲ.

"ರುದ್ರಪ್ಪಣ್ಣ, ಇವತ್ತು ಮೂರರಿಂದ ಒಂದು ಗಂಟೆ ಹೊತ್ತು. ಬೆಂಕಿ ಬಿದ್ರೂ ಫೋನು ಎತ್ತಬೇಡಿ. ಮಗಳ ವಿಚಾರ."

"ನೀನು ಹೇಳಬೇಕಾ ಮಾರಾಯ? ನಂಗೆ ಅವಳು ಬೇರೆಯವಳಾ?" ಎಂದು ರುದ್ರಪ್ಪನವರು ಒಳಗೆ ಹೋದರು. ಅಡಿಕೆ ಹೊರುವ ಒಂದು ಬುಟ್ಟಿ ತಂದು ಫೋನಿನ ಮೇಲೆ ಕವುಚಿದರು. "ನೋಡು. ಕೋಳಿ ಮುಚ್ಚಿದ ಹಾಗೆ ಮುಚ್ಚಿದೀನಿ. ಇನ್ನು ಧೈರ್ಯವಾಗಿ ಹೋಗು."

ಬಾಲರಾಜ ಉಳಿದದ್ದನ್ನೂ ಕಟ್ಟುನಿಟ್ಟು ಮಾಡಿದ. ಕರೆಂಟು ನಂಬುವ ಹಾಗಿರಲಿಲ್ಲ. ಮೈಕ್ ಸೆಟ್ಟಿನ ಗಿರಿಯ ಹತ್ತಿರ ಇನ್ವರ್ಟರು, ಲಾರಿ ಬ್ಯಾಟರಿ ತಂದು ದೊಡ್ಡ ಮೆಷಿನ್ನಿಗೂ ಮಗಳು ಕೂರುವ ಮೂರನೆಯ ಮೆಷಿನ್ನಿಗೂ ಕೊಟ್ಟ. ಊಟದ ಹೊತ್ತಿಗೆ ಅಂಗಡಿಯಲ್ಲಿದ್ದವರನ್ನೆಲ್ಲ ಎಬ್ಬಿಸಿ ಬಾಗಿಲು ಅರ್ಧ ಎಳೆದ. ಮೊಬೈಲು ಬಣಕಲ್ಲಿನಲ್ಲಿ ಆಗ ಗುಡ್ಡ ಹತ್ತಿದರೆ ಮಾತ್ರ ಸಿಗುತ್ತಿತ್ತು. ಅದರ ಲೆಕ್ಕ ಅವನು ಇಟ್ಟಿರಲೇ ಇಲ್ಲ. ಸೌಂದರ್ಯ ನೀಲಿ ಚೂಡಿದಾರ ಹಾಕಿಕೊಂಡು ಬಂದು ಕೂತಳು. ಎದುರಿಗಿನವರಿಗೆ ಇವಳು ಕಾಣುವುದಿಲ್ಲ ಎಂದು ಗೊತ್ತಿದ್ದೂ ಮುಡಿಗೆ ಮಲ್ಲಿಗೆ ಮುಡಿದಿದ್ದಳು.

ಬಾಲರಾಜ ಕಂಬಿಗೆ ಎರಡು ಏಟು ಬಡಿದ. ಮೋಡೆಮ್ಮು ಕೀರಲು ದನಿ ತೆಗೆದು, ಕೆಮ್ಮಿ, ಸುಮ್ಮನಾಯಿತು. ಮೊದಲ ಡಯಲ್ಲಿಗೇ ಲೈನು ಸಿಕ್ಕಿತು. ಅವನು ಮಗಳ ಕಡೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದ.

ಮೇಷ್ಟ್ರು ಸರಿಯಾದ ಹೊತ್ತಿಗೆ ಬಂದರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದರು. ಹೆಸರು, ಊರು, ಓದಿದ ಶಾಲೆ. ಸೌಂದರ್ಯಳ ಬೆರಳುಗಳು ಓಡಿದವು. ಬಾಲರಾಜ ಹಿಂದೆ ನಿಂತು ಇಣುಕುತ್ತಿದ್ದ. ಅವನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಸಾಲುಗಳು ಮೇಲೆ ಹೋಗಿಬಿಡುತ್ತಿದ್ದವು. ಅವಳು ತಿರುಗಿ ನೋಡದೆಯೇ ಕೈ ಬೀಸಿ ಅವನನ್ನು ಆಚೆ ಕಳಿಸಿದಳು.

ಆಗ ಮಳೆ ಬಂತು.

ಬೆಳಗ್ಗಿನಿಂದ ಕಾದ ತಗಡಿನ ಮೇಲೆ ಮೊದಲು ನಾಲ್ಕು ಹನಿ, ಆಮೇಲೆ ಒಂದೇ ಸಮನೆ. ತಗಡಿನ ಆ ಸದ್ದಿಗೆ ಬಾಲರಾಜ ಬೆಚ್ಚಿಬಿದ್ದ. ಸೌಂದರ್ಯ ತಲೆ ಎತ್ತಲಿಲ್ಲ, ಬರೆಯುತ್ತಲೇ ಇದ್ದಳು. ನಿರೀಕ್ಷಿಸಿದಂತೆ ಕರೆಂಟು ಹೋಯಿತು. ಇನ್ವರ್ಟರು ಗುಂಯ್ ಎಂದು ಭಾರ ಹೊತ್ತುಕೊಂಡಿತು. ಎರಡೂ ಪರದೆಗಳು ಒಂದು ಸಲ ಕಣ್ಣು ಮಿಟುಕಿಸಿ ಉಳಿದುಕೊಂಡವು.

"ಹೋಗು, ಹೋಗು. ಯಾರಿಗೆ ಬೇಕು ನೀನು," ಎಂದು ಬಾಲರಾಜ ಆರಿದ ಬಲ್ಬಿಗೆ ಹೇಳಿದ. ಅವತ್ತಿನ ಮಟ್ಟಿಗೆ ಅವನಿಗೆ ಖುಷಿಯಾದದ್ದು ಅದೊಂದೇ ಗಳಿಗೆ.

ಮಳೆ ಚೆನ್ನಾಗಿಯೇ ಹೊಡೆಯಿತು. ಬಾಲರಾಜ ಮೋಡೆಮ್ಮಿನ ದೀಪ ನೋಡುತ್ತಾ ಕೂತ. ಮೇಲಿನ ಮನೆಯಲ್ಲಿ ಓಡಾಟ ಕೇಳಿಸಿತು. ರುದ್ರಪ್ಪನವರು ಜೋರಾಗಿ ಏನೋ ಹೇಳಿದರು, ವಿಮಲಮ್ಮ ನಕ್ಕರು. ಫೋನಿಗೆ ಯಾರೂ ಕೈ ಹಾಕಲಿಲ್ಲ. ಮಳೆ ಪೂರ್ತಿ ನಿಂತಿತು. ಸೂರಿನ ನೀರು ತೊಟ್ಟಿಕ್ಕುವ ಸದ್ದು ಮಾತ್ರ ಉಳಿಯಿತು. ಅವನ ಎದೆ ಹಗುರಾಯಿತು.

ಮೋಡೆಮ್ಮಿನ ದೀಪ ಆರಿತು.

ದೊಡ್ಡ ಮೆಷಿನ್ನಿನ ಪರದೆಯ ಮೇಲೆ ಲೈನು ಕಡಿದಿದೆ ಎಂಬ ಸಣ್ಣ ಪೆಟ್ಟಿಗೆ ಎದ್ದು ನಿಂತಿತು. ಸೌಂದರ್ಯ ಕೀಲಿಮಣೆಯಿಂದ ಕೈ ಎತ್ತಿ ಅಪ್ಪನ ಕಡೆ ನೋಡಿದಳು.

ಬಾಲರಾಜ ಮೆಟ್ಟಿಲುಗಳನ್ನು ಹಾರಿ ಹತ್ತಿದ. ರುದ್ರಪ್ಪನವರು ನಡುಮನೆಯಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಮಳೆ ಅಳೆಯುವ ಗಾಜಿನ ಕೊಳವೆ, ಇನ್ನೊಂದು ಕೈಯಲ್ಲಿ ರಿಸೀವರು. ಬುಟ್ಟಿ ನೆಲದ ಮೇಲೆ ಉರುಳಿತ್ತು. ಮುಖದಲ್ಲಿ ಮದುವೆ ಮನೆಯ ಕಳೆ.

"ಹಲೋ, ಜಾವಳಿಯಾ? ಸೀತಮ್ಮಾ, ನಿಮ್ಮಲ್ಲಿ ಎಷ್ಟು ಸೆಂಟ್ಸ್ ಆಯ್ತೇ? ನಮ್ಮಲ್ಲಿ ನಲವತ್ತರ ಮೇಲೆ..."

ಈ ಸೀಮೆಯಲ್ಲಿ ಹೂಮಳೆ ಬಿದ್ದು ನಿಂತ ಕೂಡಲೇ ಕಾಫಿಯವರು ಮಾಡುವ ಕೆಲಸ ಒಂದೇ. ಅಂಗಳದಲ್ಲಿ ಮಳೆ ಹಿಡಿಯಲು ಇಟ್ಟ ಡಬ್ಬದ ನೀರನ್ನು ಕೊಳವೆಗೆ ಸುರಿದು ಎಷ್ಟು ಸೆಂಟ್ಸ್, ಎಂದರೆ ಇಂಚಿನ ನೂರರಲ್ಲಿ ಎಷ್ಟು ಪಾಲು ಎಂದು ನೋಡುವುದು, ನೋಡಿದವರೇ ಅಕ್ಕನಿಗೆ, ಬೀಗರಿಗೆ, ಆಚೆ ತೋಟದವರಿಗೆ ಫೋನು ಹಚ್ಚುವುದು. ಮಳೆ ಸಾಕಷ್ಟು ಬಿದ್ದರೆ ಹೂವು ಅರಳುತ್ತದೆ, ಅರೆಬರೆ ಬಿದ್ದರೆ ಮೊಗ್ಗು ಕರಟುತ್ತದೆ. ವರ್ಷದ ಬೆಳೆ ನಿಂತಿರುವುದು ಅದರ ಮೇಲೆ. ಅದನ್ನು ಇನ್ನೊಬ್ಬರಿಗೆ ಹೇಳದೆ, ಇನ್ನೊಬ್ಬರದ್ದು ಕೇಳದೆ ಸುಮ್ಮನೆ ಕೂತ ಕಾಫಿ ಬೆಳೆಗಾರನನ್ನು ಮೂಡಿಗೆರೆ ತಾಲ್ಲೂಕಿನಲ್ಲಿ ಯಾರೂ ಕಂಡಿಲ್ಲ. ಬಾಲರಾಜ ಇದೇ ಊರಲ್ಲಿ ಹುಟ್ಟಿ ಬೆಳೆದವನು. ಕರೆಂಟು ಹೋಗುತ್ತದೆ ಎಂದು ಬ್ಯಾಟರಿ ತಂದಿದ್ದ. ಇದೊಂದು ಅವನ ತಲೆಗೆ ಹೊಳೆದಿರಲಿಲ್ಲ.

"ರುದ್ರಪ್ಪಣ್ಣಾ!"

ಆ ಕೂಗಿಗೆ ರುದ್ರಪ್ಪನವರ ಕೈಯಿಂದ ಕೊಳವೆ ಜಾರಿತು. ಅವರು ಬಾಲರಾಜನನ್ನು ನೋಡಿದರು, ಕೈಯಲ್ಲಿದ್ದ ರಿಸೀವರನ್ನು ನೋಡಿದರು.

"ಅಯ್ಯೋ... ಕೈ ತಾನೇ ಹೋಯ್ತು ಮಾರಾಯ. ಆಣೆ ಮಾಡ್ತೀನಿ. ಮಳೆ ಬರೋವಾಗ ಪೂರಾ ತಡ್ಕೊಂಡಿದ್ದೆ. ಕೊಳವೆ ನೋಡಿದ ಮೇಲೆ ಎಂಥ ಆಯ್ತೋ ಗೊತ್ತೇ ಆಗಲಿಲ್ಲ."

"ಬುಟ್ಟಿ ನಿಮ್ಮ ತಲೆ ಮೇಲೆ ಕವುಚಬೇಕಿತ್ತು! ವಯಸ್ಸಾಯ್ತು ನಿಮಗೆ, ಬುದ್ಧಿ ಎಲ್ಲಿಟ್ಟಿದೀರಿ?"

ವಿಮಲಮ್ಮ ಬಾಗಿಲಿಗೆ ಬಂದರು. "ಬೈಯಿ, ಇನ್ನೂ ನಾಲ್ಕು ಬೈಯಿ ಬಾಲರಾಜ. ನಾನು ಬಚ್ಚಲಲ್ಲಿದ್ದೆ, ಇಲ್ಲದಿದ್ರೆ ಕೈ ಮುರೀತಿದ್ದೆ ಇವ್ರದ್ದು."

ಬೈಯಲು ಬಾಲರಾಜನಿಗೆ ಪುರುಸೊತ್ತಿರಲಿಲ್ಲ. ರಿಸೀವರು ಕಿತ್ತುಕೊಂಡು ಕುಕ್ಕಿದ. ಅಷ್ಟಕ್ಕೂ ನಂಬಿಕೆ ಬರದೆ, ಕೆಳಗಿಳಿಯುವಾಗ ಜೇಬಿನ ಚಾಕು ತೆಗೆದು, ಮೇಲಿನ ಫೋನಿಗೆ ಹೋಗುವ ವೈರನ್ನು ಕಿಟಕಿಯ ಕವಲಿನಲ್ಲಿ ಕತ್ತರಿಸಿ ಹಾಕಿದ. ಇನ್ನು ಲೈನು ಅವನೊಬ್ಬನದೇ. ಡಯಲ್ ಹೊಡೆದ.

ಮೋಡೆಮ್ಮು ಕೀರಲಿಲ್ಲ. ಟುಂಯ್ ಟುಂಯ್ ಎಂದು ಕೂಗಿ ಬಿಟ್ಟುಕೊಟ್ಟಿತು. ಮತ್ತೆ ಹೊಡೆದ. ಮತ್ತೆ ಅದೇ. ಅಂಗಡಿಯ ಹಳೇ ಫೋನನ್ನು ಸಿಕ್ಕಿಸಿ ಕಿವಿಗಿಟ್ಟು, ಇಂಟರ್ನೆಟ್ಟಿಗೆ ಮೋಡೆಮ್ಮು ಡಯಲ್ ಮಾಡುವ ಚಿಕ್ಕಮಗಳೂರಿನ ನಂಬರನ್ನು ಕೈಯಲ್ಲೇ ಒತ್ತಿದ. ಹೆಂಗಸಿನ ದನಿಯೊಂದು ನಯವಾಗಿ ಹೇಳಿತು: ಈ ಮಾರ್ಗದ ಎಲ್ಲ ಲೈನುಗಳೂ ಕಾರ್ಯನಿರತವಾಗಿವೆ, ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.

"ಎಂಥ ಕಾರ್ಯ? ಎಂಥ ಕಾರ್ಯ ಮಾರಾಯ್ತಿ ನಿಂದು?" ಎಂದು ಅವನು ಫೋನಿಗೆ ಕಿರುಚಿದ.

ರುದ್ರಪ್ಪನವರು ಬರಿಗಾಲಲ್ಲೇ ಕೆಳಗಿಳಿದು ಬಾಗಿಲಲ್ಲಿ ನಿಂತಿದ್ದರು. ಮೆಲ್ಲಗೆ ಹೇಳಿದರು: "ಬರೀ ನಮಗಲ್ಲ ಬಾಲರಾಜ. ಆ ಕಡೆ ಕಳಸದ ತನಕ ಕಪ್ಪಾಗಿತ್ತು ಮೋಡ. ಇಡೀ ಸೀಮೆಗೆ ಆಗಿದೆ ಮಳೆ. ಎಲ್ಲಾ ಫೋನು ಹಿಡ್ಕೊಂಡಿರ್ತಾರೆ. ಇನ್ನು ಕತ್ತಲಾಗೋ ತನಕ ಲೈನು ಸಿಗೋದು ಕಷ್ಟ."

ಬಾಲರಾಜ ಅವರನ್ನು ದುರುಗುಟ್ಟಿ ನೋಡಿದ. ಬೈಗುಳ ಬಾಯಿಗೆ ಬಂದಿತ್ತು. ಆದರೆ ಬೈಯುವುದು ಯಾರನ್ನು? ಈ ಮನುಷ್ಯನ ವೈರನ್ನು ಕತ್ತರಿಸಿ ಆಗಿತ್ತು. ಕಳಸದವರ ವೈರನ್ನು, ಜಾವಳಿಯವರದನ್ನು ಯಾವ ಚಾಕುವಿನಿಂದ ಕತ್ತರಿಸುವುದು? ಬೆಟ್ಟದ ಮೇಲಿನ ಪ್ರತಿ ಮನೆಯಲ್ಲೂ ಒಬ್ಬೊಬ್ಬ ರುದ್ರಪ್ಪ ಕೊಳವೆ ಹಿಡಿದು ನಿಂತಿದ್ದ. ಎಲ್ಲರೂ ಒಳ್ಳೆಯವರೇ, ಎಲ್ಲರೂ ಖುಷಿಯಲ್ಲಿದ್ದರು.

ಅವನು ಡಯಲ್ ಹೊಡೆಯುತ್ತಲೇ ಹೋದ. ಸೌಂದರ್ಯ ಎದ್ದು ಬಂದು ಅವನ ಹೆಗಲು ತಟ್ಟಿದಳು. ಏನಾಯಿತು ಎಂದು ಕೈ ತಿರುಗಿಸಿ ಕೇಳಿದಳು.

"ಮಳೆ," ಎಂದ ಬಾಲರಾಜ, ಬಾಯಿ ಅಗಲಿಸಿ. ಅವಳು ಹೊರಗೆ ನೋಡಿದಳು. ಮಳೆ ನಿಂತು ಬಿಸಿಲು ಬಂದಿತ್ತು. ಅವಳಿಗೆ ಅರ್ಥವಾಗಲಿಲ್ಲ. ಅವನು ಮೇಲೆ ತೋರಿಸಿದ, ರುದ್ರಪ್ಪನವರನ್ನು ತೋರಿಸಿದ, ಕಿವಿಯ ಹತ್ತಿರ ಮುಷ್ಟಿ ಹಿಡಿದು ಫೋನಿನ ಹಾಗೆ ತೋರಿಸಿದ, ಬೆಟ್ಟದ ಕಡೆ ಕೈ ಚಾಚಿದ. ಅವಳು ಹುಬ್ಬು ಗಂಟಿಕ್ಕಿ ಅವನ ಕೈಗಳನ್ನೇ ನೋಡಿದಳು. ಅವಳಮ್ಮ ಅಲ್ಲಿದ್ದಿದ್ದರೆ ಎರಡು ಬೆರಳಲ್ಲಿ ಹೇಳಿ ಮುಗಿಸುತ್ತಿದ್ದಳು. ಆಕೆ ಮಗಳ ಹೆಸರಿನಲ್ಲಿ ಹರಕೆ ಹೇಳಿಕೊಂಡು ದೇವಸ್ಥಾನಕ್ಕೆ ಹೋಗಿದ್ದಳು.

ಸೌಂದರ್ಯ ಕೂತಿದ್ದ ಮೆಷಿನ್ನಿನ ಹತ್ತಿರ ಅವನು ಹೋದ. ಅಲ್ಲಿ ಏನಾದರೂ ಮಾಡಲು ಬರುತ್ತದೆಯೋ ಎಂದು ನೋಡುವುದಕ್ಕೆ. ಮಾಡುವುದಕ್ಕೆ ಏನೂ ಇರಲಿಲ್ಲ. ಮೇಷ್ಟ್ರ ಕೊನೆಯ ಪ್ರಶ್ನೆ ಪರದೆಯ ಮೇಲೆ ನಿಂತಿತ್ತು. ನಿಮ್ಮ ಹತ್ತಿರ ಕಲಿಯುವ ಮಗುವಿನ ಅಪ್ಪ ಅಮ್ಮನಿಗೆ ಸನ್ನೆ ಭಾಷೆ ಬಾರದಿದ್ದರೆ ಏನು ಮಾಡುತ್ತೀರಿ? ಅದರ ಕೆಳಗಿನ ಪೆಟ್ಟಿಗೆಯಲ್ಲಿ ಸೌಂದರ್ಯ ಬರೆಯುತ್ತಿದ್ದ ಉತ್ತರ, ಕಳಿಸದೆ ಉಳಿದದ್ದು. ಈಗ ಸಾಲುಗಳು ಎಲ್ಲೂ ಓಡಿಹೋಗುತ್ತಿರಲಿಲ್ಲ. ಬಾಲರಾಜ ಅಕ್ಷರ ಕೂಡಿಸಿ ಓದಿದ.

"ಅಮ್ಮನಿಗೆ ಬರುತ್ತೆ. ನಮ್ಮ ಅಪ್ಪನಿಗೆ ಬರಲ್ಲ. ಊಟ, ಬಾ, ಬೇಡ, ಕರೆಂಟ್ ಹೋಯ್ತು, ಇಷ್ಟು ಬರುತ್ತೆ. ಜಾಸ್ತಿ ಹೇಳಬೇಕು ಅಂದ್ರೆ ಜೋರಾಗಿ ಬಾಯಿ ಮಾಡ್ತಾರೆ. ಜೋರು ನಂಗೆ ಕೇಳಲ್ಲ, ಆದ್ರೆ ಬಾಯಿ ದೊಡ್ಡದಾಗಿ ಕಾಣುತ್ತೆ. ನಾನು ತುಟಿ ಓದೋದು ಕಲಿತಿದ್ದು ಅಪ್ಪನಿಂದಲೇ. ಅವ್ರಿಗೆ ನಾಚಿಕೆ, ಕೈ ಆಡ್ಸಿದ್ರೆ ಜನ ನೋಡ್ತಾರೆ ಅಂತ. ಅಂಥ ಅಪ್ಪಂದಿರಿಗೆ ನಾನು ಮೊದಲು"

ಅಲ್ಲಿಗೆ ನಿಂತಿತ್ತು. ಮೊದಲು ಏನು ಮಾಡುತ್ತಾಳೆ ಎಂದು ಅವಳನ್ನು ಕೇಳಬಹುದಿತ್ತು. ಬಾಲರಾಜ ಕೇಳಲಿಲ್ಲ. ದೊಡ್ಡ ಮೆಷಿನ್ನಿಗೆ ವಾಪಸು ಹೋಗಿ ಮತ್ತೆ ಡಯಲ್ ಹೊಡೆದ.

ಕೊನೆಗೆ ದಾರಿ ತೋರಿಸಿದ್ದು ರುದ್ರಪ್ಪನವರೇ. "ಚಿಕ್ಕಮಗಳೂರು ಸಿಗದಿದ್ರೆ ಹೋಗ್ಲಿ. ಸೀದಾ ಮೈಸೂರಿಗೇ ಹಚ್ಚು. ಆ ಸಂಸ್ಥೇಲಿ ಕಿವಿ ಕೇಳೋರು ಒಬ್ಬರಾದ್ರೂ ಇರ್ತಾರಲ್ಲ?"

ನಂಬರು ಸೌಂದರ್ಯಳ ಪರ್ಸಿನಲ್ಲಿತ್ತು. ಬಾಲರಾಜ ಒತ್ತಿದ, ಮತ್ತೆ ಒತ್ತಿದ, ಬೆರಳು ನೋಯುವ ತನಕ ಒತ್ತಿದ. ಬಿಸಿಲು ಹಳದಿಗೆ ತಿರುಗುವ ಹೊತ್ತಿಗೆ ಆ ಕಡೆ ರಿಂಗಾಯಿತು. ಗುಮಾಸ್ತರೊಬ್ಬರು ಎತ್ತಿದರು.

"ಸಾರ್, ಬಣಕಲ್ಲಿಂದ. ಸೌಂದರ್ಯ ಅಂತ, ಮೂರು ಗಂಟೆಗೆ ಇಂಟರ್ವ್ಯೂ ಇತ್ತು. ನಾನು ಅವಳ ತಂದೆ. ಲೈನು ಕಟ್ಟಾಯ್ತು ಸಾರ್, ಮೇಷ್ಟ್ರಿಗೆ ಸ್ವಲ್ಪ ಹೇಳಿ."

ಸೌಂದರ್ಯ ಬಂದು ಅವನ ಎದುರಿಗೆ ಸ್ಟೂಲು ಹಾಕಿಕೊಂಡು ಕೂತಳು. ಅವನ ಬಾಯಿಯ ಮೇಲೆ ಕಣ್ಣು ನೆಟ್ಟಳು.

"ಕೂಗಬೇಡಿ, ನಂಗೆ ಕೇಳುತ್ತೆ," ಎಂದರು ಗುಮಾಸ್ತರು. "ನೀವು ಎಷ್ಟು ಕೂಗಿದ್ರೂ ಮೇಷ್ಟ್ರಿಗೆ ಕೇಳಲ್ಲ. ಇಲ್ಲಿ ಅವ್ರು ಬರೆದಿಟ್ಟಿರೋದು ನೋಡ್ತಿದೀನಿ. ಹುಡುಗಿ ಮಧ್ಯದಲ್ಲಿ ಎದ್ದು ಹೋದ್ರು ಅಂತ ಇದೆ."

"ಎದ್ದು ಹೋಗಿಲ್ಲ ಸಾರ್! ಕೂತೇ ಇದಾಳೆ. ಈಗಲೂ ಕೂತೇ ಇದಾಳೆ, ನನ್ನ ಎದುರಿಗೆ."

"ಇರಬಹುದು. ಆ ಕಡೆ ಕಟ್ಟಾದ್ರೆ ಈ ಕಡೆ ಎದ್ದು ಹೋದ್ರು ಅಂತಲೇ ಕಾಣೋದು. ಅವ್ರು ಬಹಳ ಹೊತ್ತು ಕಾದ್ರು, ಪಾಪ. ಆಮೇಲೆ ಪಟ್ಟಿ ಮುಗಿಸಿ ಊರಿಗೆ ಹೊರಟ್ರು."

"ನಾಳೆ ಬಸ್ಸಿಗೆ ಕರ್ಕೊಂಡು ಬರ್ತೀನಿ ಸಾರ್. ಬಾಗಿಲ ಹತ್ರ ಕೂತಿರ್ತೀವಿ. ಒಂದು ಸಲ ನೋಡ್ಲಿ ಅವಳನ್ನ."

"ಬಂದು ಏನ್ಮಾಡ್ತೀರಿ? ಸೀಟು ತುಂಬಿತು. ಮುಂದಿನ ವರ್ಷ ಹಾಕಿ. ಇಡ್ಲಾ?"

"ಇಡಬೇಡಿ ಸಾರ್, ಒಂದು ನಿಮಿಷ..."

ಅವರು ಇಟ್ಟರು. ಬಾಲರಾಜನ ಕಿವಿಯಲ್ಲಿ ಖಾಲಿ ಲೈನಿನ ಸದ್ದು ತುಂಬಿತು. ಪಕ್ಕದಲ್ಲೇ ನಿಂತಿದ್ದ ರುದ್ರಪ್ಪನವರಿಗೂ ಅದು ಕೇಳಿಸಿತು. ಅವರು ಹೆಗಲ ಮೇಲಿನ ಟವೆಲ್ಲು ತೆಗೆದು ಬಾಯಿಗೆ ಒತ್ತಿಕೊಂಡರು.

ಸೌಂದರ್ಯಳಿಗೆ ಕೇಳಿಸಲಿಲ್ಲ. ಅಪ್ಪ ಫೋನು ಕಿವಿಯಲ್ಲಿ ಹಿಡಿದೇ ಇದ್ದ. ಅಪ್ಪನ ಬಾಯಿ "ಒಂದು ನಿಮಿಷ" ಎಂದದ್ದನ್ನು ಅವಳು ಓದಿದ್ದಳು. ಆ ಕಡೆಯವರು ಯೋಚಿಸುತ್ತಿದ್ದಾರೆ ಎಂದುಕೊಂಡಳು. ಎರಡೂ ಕೈಗಳನ್ನು ತೊಡೆಯ ಮಧ್ಯೆ ಸಿಕ್ಕಿಸಿಕೊಂಡು ಮುಂದಕ್ಕೆ ಬಾಗಿದಳು.

ಬಾಲರಾಜ ರಿಸೀವರು ಕೆಳಗಿಡಬೇಕು ಎಂದುಕೊಂಡ. ಕೈ ಇಳಿಯಲಿಲ್ಲ. ಅವಳು ಕಾಯುತ್ತಿದ್ದಳು.

"ಹೂಂ ಸಾರ್," ಎಂದ ಅವನು.

ಅವಳ ಹುಬ್ಬು ಮೇಲೇರಿತು.

"ಹೌದು ಸಾರ್. ಒಳ್ಳೆ ಹುಡುಗಿ ಸಾರ್. ತಪ್ಪು ಅವಳದ್ದಲ್ಲ ಸಾರ್."

ರುದ್ರಪ್ಪನವರು ಅವನ ತೋಳು ಮುಟ್ಟಿ, "ಬಾಲರಾಜ, ಬೇಡ ಮಾರಾಯ," ಎಂದರು. ಬಾಲರಾಜ ಅವರ ಕೈ ಕೊಡವಿದ. ಮುಖವನ್ನು ಗೋಡೆಗೆ ತಿರುಗಿಸಿದರೆ ಅವಳಿಗೆ ತುಟಿ ಕಾಣುವುದಿಲ್ಲ, ಅಷ್ಟು ಮಾಡಿದರೆ ಸಾಕಿತ್ತು. ಅದೂ ಅವನಿಂದ ಆಗಲಿಲ್ಲ. ಅವಳು ನಗಲು ಶುರು ಮಾಡಿದ್ದಳು.

"ಆಗ್ಲಿ ಸಾರ್," ಎಂದ ಬಾಲರಾಜ, ಖಾಲಿ ಲೈನಿಗೆ. ಮುಂದೆ ಏನು ಹೇಳಬೇಕೆಂದು ತೋಚದೆ, ಇನ್ನೊಂದು ಸಲ, ಬಾಯಿ ಅಗಲಿಸಿ, "ಆಗ್ಲಿ ಸಾರ್," ಎಂದ.